ಸಹಿ ಇಲ್ಲದ ಪೆಟ್ಟಿಗೆಗಳು

ಚಿತ್ರ ಬರೆದವನು ಮೂಲೆಯಲ್ಲಿ ತನ್ನ ಹೆಸರು ಹಾಕುತ್ತಾನೆ. ಗುಡಿ ಕಟ್ಟಿಸಿದವನು ಕಲ್ಲಿನ ಮೇಲೆ ಶಾಸನ ಬರೆಸುತ್ತಾನೆ. ಪೆಟ್ಟಿಗೆ ಮಾಡುವ ಬಡಗಿಗೆ ಮಾತ್ರ ಈ ಭಾಗ್ಯ ಅಪರೂಪ. ಅವನು ಮರ ಕೊಯ್ದು, ಹತ್ತರಿ ಹೊಡೆದು, ಕೂಡಿಸಿ, ಎಣ್ಣೆ ಉಜ್ಜಿ, ಕೂಲಿ ತೆಗೆದುಕೊಂಡು ಹೋಗಿಬಿಡುತ್ತಾನೆ. ಪೆಟ್ಟಿಗೆ ಮಾತ್ರ ಮೂರು ನಾಲ್ಕು ತಲೆಮಾರು ಆ ಮನೆಯಲ್ಲಿ ಕೂತಿರುತ್ತದೆ.

ಕೊರಿಯಾದ ರಾಜಧಾನಿ ಸೋಲ್‌ನ ವಸ್ತುಸಂಗ್ರಹಾಲಯಗಳಲ್ಲಿ ಇಟ್ಟಿರುವ ಹಳೆಯ ಮರದ ಪೆಟ್ಟಿಗೆಗಳ ಕತೆಯೂ ಇದೇ. ನೂರು, ನೂರೈವತ್ತು, ಇನ್ನೂರು ವರ್ಷ ಹಿಂದಿನವು. ಬಹುಪಾಲು ಯಾವುದರ ಮೇಲೂ ಮಾಡಿದವನ ಹೆಸರಿಲ್ಲ. ಆದರೆ ಬಲ್ಲವರು ಮುಂಭಾಗದ ಹಲಗೆ ನೋಡಿ, ಲೋಹದ ಪಟ್ಟಿಗಳ ಮೇಲೆ ಕಣ್ಣಾಡಿಸಿ, ‘ಇದು ಗಾಂಗ್‌ಹ್ವಾ ದ್ವೀಪದ್ದು’, ‘ಇದು ಪಾಕ್‌ಚೊನ್‌ನದು’, ‘ಇದು ದಕ್ಷಿಣದ ಕರಾವಳಿಯದು’ ಎಂದು ಹೇಳಿಬಿಡುತ್ತಾರೆ. ಬಡಗಿಯ ಹೆಸರು ಅಳಿದುಹೋಗಿದೆ. ಅವನ ಊರಿನ ಹೆಸರು ಪೆಟ್ಟಿಗೆಯ ಮೈಮೇಲೆ ಉಳಿದುಕೊಂಡಿದೆ. ಒಂದು ಪೆಟ್ಟಿಗೆ ತನ್ನ ಊರನ್ನು ಹೀಗೆ ಹೇಳುವುದಾದರೂ ಹೇಗೆ? ಅದು ಹೇಳಿದ ಊರಿಗೆ ಇವತ್ತು ಯಾರೂ ಹೋಗಲಾಗದು ಎಂದಾದರೆ?

ಅರ್ಧ ಬಾಗಿಲ ಬಂದಾಜಿ

ಈ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿದ್ದದ್ದು ‘ಬಂದಾಜಿ’. ಕೊರಿಯನ್ ಭಾಷೆಯಲ್ಲಿ ‘ಬಾನ್’ ಎಂದರೆ ಅರ್ಧ. ಮಿಕ್ಕ ಭಾಗಕ್ಕೆ ಮುಚ್ಚುವುದು ಎಂಬ ಅರ್ಥ. ಅರ್ಧ ಮುಚ್ಚುವ ಪೆಟ್ಟಿಗೆ. ಇದಕ್ಕೆ ಮುಚ್ಚಳ ಮೇಲಿಲ್ಲ, ಎದುರಿಗಿದೆ. ಮುಂಭಾಗದ ಹಲಗೆಯನ್ನು ಅಡ್ಡಲಾಗಿ ಎರಡು ಮಾಡಿ, ಕೆಳಗಿನ ಅರ್ಧವನ್ನು ಭದ್ರವಾಗಿ ಕೂರಿಸಿ, ಮೇಲಿನ ಅರ್ಧವನ್ನು ಕೀಲುಗಳ ಮೇಲೆ ಮುಂದಕ್ಕೆ ಬಗ್ಗುವಂತೆ ಮಾಡಿರುತ್ತಾರೆ.

ಮೇಲಿನಿಂದ ತೆರೆಯುವ ಪೆಟ್ಟಿಗೆ ಮಾಡುವುದು ಸುಲಭವಲ್ಲವೇ, ಇಷ್ಟು ಕಷ್ಟ ಏಕೆ ಎಂದು ಕೇಳಬಹುದು. ಉತ್ತರ ಪೆಟ್ಟಿಗೆಯ ತಲೆಯ ಮೇಲಿದೆ. ಕೊರಿಯನ್ನರು ರಾತ್ರಿ ಹಾಸಿದ ಹಾಸಿಗೆ, ಹೊದಿಕೆಗಳನ್ನು ಬೆಳಿಗ್ಗೆ ಮಡಿಸಿ ಬಂದಾಜಿಯ ಮೇಲೆ ಪೇರಿಸುತ್ತಿದ್ದರು. ಮುಚ್ಚಳ ಮೇಲಿದ್ದರೆ ಒಂದು ಅಂಗಿ ತೆಗೆಯಲು ಇಡೀ ಮನೆಯ ಹಾಸಿಗೆಯನ್ನು ಇಳಿಸಬೇಕಾಗುತ್ತಿತ್ತು. ಎದುರು ಬಾಗಿಲಿದ್ದರೆ ಆ ತೊಂದರೆಯಿಲ್ಲ. ಬಟ್ಟೆ, ಪುಸ್ತಕ, ಜಮೀನಿನ ಪತ್ರ, ಹಿರಿಯರ ಪೂಜೆಯ ಪಾತ್ರೆ, ಎಲ್ಲಕ್ಕೂ ಇದೇ ಜಾಗ.

ಬಂದಾಜಿ ಕುಳ್ಳಗಿರುತ್ತದೆ, ನಿಂತವರ ಸೊಂಟದ ಆಸುಪಾಸು. ಇದಕ್ಕೂ ಕಾರಣವಿದೆ. ಕೊರಿಯಾದ ಚಳಿಗಾಲ ಕಠಿಣ. ಅಲ್ಲಿನ ಜನ ಅದಕ್ಕೆ ಕಂಡುಕೊಂಡ ಉಪಾಯ ‘ಒಂದೋಲ್’. ಕೋಣೆಯ ನೆಲದಡಿ ಕಲ್ಲಿನ ಚಪ್ಪಡಿಗಳು, ಚಪ್ಪಡಿಗಳ ಅಡಿಯಲ್ಲಿ ಹೊಗೆ ಹರಿಯುವ ಕಾಲುವೆಗಳು. ಅಡಿಗೆಮನೆಯ ಒಲೆ ಉರಿದರೆ ಅದರ ಬಿಸಿ ಹೊಗೆ ಈ ಕಾಲುವೆಗಳಲ್ಲಿ ಸುತ್ತಿ ಮನೆಯ ಇನ್ನೊಂದು ತುದಿಯ ಹೊಗೆಗೂಡಿನಿಂದ ಹೊರಬೀಳುತ್ತದೆ. ಅನ್ನವೂ ಬೇಯುತ್ತದೆ, ನೆಲವೂ ಬೆಚ್ಚಗಾಗುತ್ತದೆ. ನೆಲವೇ ಬೆಚ್ಚಗಿರುವಾಗ ಕುರ್ಚಿ ಮಂಚ ಯಾರಿಗೆ ಬೇಕು? ಊಟ, ಓದು, ನಿದ್ರೆ ಎಲ್ಲವೂ ನೆಲದ ಮೇಲೆಯೇ. ಕೂತವರ ಕಣ್ಣಿನ ಎತ್ತರಕ್ಕೆ, ಕೈಗೆ ಎಟಕುವಷ್ಟು ಎತ್ತರಕ್ಕೆ ಪೆಟ್ಟಿಗೆಗಳು ಬಂದವು. ನೆಲದ ಬಿಸಿ ತಾಗಿ ಮರ ಸೀಳದಿರಲೆಂದು ಅವಕ್ಕೆ ಗಿಡ್ಡ ಕಾಲುಗಳೂ ಬಂದವು.

ಸೀಳದ ಮರದ ಗುಟ್ಟು

ಬಡಗಿಯ ನಿಜವಾದ ಶತ್ರು ಬೇಸಿಗೆ ಮತ್ತು ಚಳಿಗಾಲದ ನಡುವಿನ ಅಂತರ. ಕೊರಿಯಾದ ಬೇಸಿಗೆ ಮಳೆಗಾಲವೂ ಹೌದು. ಗಾಳಿಯಲ್ಲಿ ನೀರು ತುಂಬಿ ಮರ ಉಬ್ಬುತ್ತದೆ. ಚಳಿಗಾಲದಲ್ಲಿ ಹೊರಗೆ ಒಣಗಾಳಿ, ಒಳಗೆ ಕಾದ ನೆಲ. ಅದೇ ಮರ ಕುಗ್ಗುತ್ತದೆ. ಅಗಲವಾದ ಹಲಗೆಯೊಂದನ್ನು ನಾಲ್ಕೂ ಕಡೆ ಮೊಳೆ ಹೊಡೆದು ಬಿಗಿದರೆ ಅದು ಎರಡೇ ವರ್ಷದಲ್ಲಿ ಬಾಯಿಬಿಡುತ್ತದೆ.

ಆದ್ದರಿಂದ ದೊಡ್ಡ ಕಪಾಟುಗಳನ್ನು ಮಾಡುವಾಗ ಅವರು ಹಲಗೆಯನ್ನು ಕಟ್ಟಿಹಾಕುವ ಗೊಡವೆಗೇ ಹೋಗಲಿಲ್ಲ. ಗಟ್ಟಿಮರದ ಚೌಕಟ್ಟು ಮಾಡಿ, ಅದರ ಒಳಬದಿಯಲ್ಲಿ ಗಾಡಿ ತೆಗೆದು, ತೆಳುವಾದ ಹಲಗೆಯನ್ನು ಆ ಗಾಡಿಯೊಳಗೆ ಸುಮ್ಮನೆ ಜಾರಿಸಿ ಬಿಟ್ಟರು. ಅಂಟಿಲ್ಲ, ಮೊಳೆಯಿಲ್ಲ. ಹಲಗೆ ಬೇಸಿಗೆಯಲ್ಲಿ ಉಬ್ಬಿದರೆ ಗಾಡಿಯ ಒಳಗೆ ಸರಿಯುತ್ತದೆ, ಚಳಿಯಲ್ಲಿ ಕುಗ್ಗಿದರೆ ಹಿಂದೆ ಸರಿಯುತ್ತದೆ. ಬಂದಾಜಿಯಂಥ ದಪ್ಪ ಹಲಗೆಯ ಪೆಟ್ಟಿಗೆಗಳ ಮೂಲೆಗಳನ್ನು ಮಾತ್ರ ಎರಡು ಕೈಗಳ ಬೆರಳು ಹೆಣೆದಂತೆ ಒಂದರೊಳಗೊಂದು ಕಚ್ಚಿಸಿದರು. ಬೇಕಾದ ಕಡೆ ಬಿದಿರಿನ ಮೊಳೆ. ಕಬ್ಬಿಣದ ಮೊಳೆಯಂತೆ ಅದಕ್ಕೆ ತುಕ್ಕಿನ ಭಯವಿಲ್ಲ, ಮರದ ಜೊತೆ ಹೊಂದಿಕೊಂಡೂ ಹೋಗುತ್ತದೆ.

ಯಾವ ಕೆಲಸಕ್ಕೆ ಯಾವ ಮರ ಎಂಬುದೂ ಲೆಕ್ಕಾಚಾರವೇ. ಹೊರಗಿನ ಅಂದಕ್ಕೆ ಜೆಲ್ಕೋವಾ. ಹಳ್ಳಿಯ ಮುಂದೆ ನೆರಳಿಗಾಗಿ ಬೆಳೆಸುವ, ನೂರಾರು ವರ್ಷ ಬಾಳುವ ಈ ಮರವನ್ನು ಕೊಯ್ದರೆ ನೀರಿನ ಸುಳಿಯಂಥ ಗೆರೆಗಳು ಕಾಣುತ್ತವೆ. ಒಳಗಿನ ಸೆಳೆಖಾನೆಗಳಿಗೆ, ಹಿಂಬದಿಗೆ ಪೌಲೋನಿಯಾ. ಹಗುರ, ತೇವಕ್ಕೆ ಜಗ್ಗದು. ಸಾಮಾನ್ಯರ ಮನೆಗೆ ಪೈನ್. ಇನ್ನು ಹಣ್ಣಿಗೆ ಹೆಸರಾದ ಪರ್ಸಿಮನ್ ಮರವಿದೆ. ಅದರ ಹಳೆಯ ಕಾಂಡಗಳಲ್ಲಿ ಕೆಲವೊಮ್ಮೆ ಮಸಿ ಚೆಲ್ಲಿದಂತೆ ಕಪ್ಪು ಹರಡಿರುತ್ತದೆ. ಅಂಥ ಕಾಂಡ ಸಿಕ್ಕರೆ ಬಡಗಿಗೆ ಹಬ್ಬ. (ಅಂದ ಹಾಗೆ ಈ ಪರ್ಸಿಮನ್, ನಮ್ಮ ಕಾಡುಗಳ ಬೀಡಿ ಎಲೆಯ ಮರ ಮತ್ತು ಕರಿಮರ, ಮೂರೂ ಒಂದೇ ಬಳಗದವು. ಕಪ್ಪು ಬಣ್ಣ ಮನೆತನದಿಂದಲೇ ಬಂದದ್ದು.) ಇಂಥ ಕಾಂಡವನ್ನು ನಡುವೆ ಸೀಳಿ ಪುಸ್ತಕ ಬಿಡಿಸಿದಂತೆ ಎರಡು ಹಲಗೆಗಳನ್ನು ಅಕ್ಕಪಕ್ಕ ಇಟ್ಟರೆ ಎಡಬಲ ಒಂದೇ ಚಿತ್ರ. ಬೆಟ್ಟ, ಮೋಡ, ನೀರು, ನೋಡಿದವರಿಗೆ ಕಂಡಂತೆ.

ಹಳೆಯ ಕೊರಿಯಾದಲ್ಲಿ, ಅಂದರೆ 1392ರಿಂದ 1910ರವರೆಗೆ ಆಳಿದ ಜೋಸನ್ ರಾಜಮನೆತನದ ಕಾಲದಲ್ಲಿ, ಉಳ್ಳವರ ಮನೆಗಳಲ್ಲಿ ಗಂಡಸರ ಕೋಣೆ ಬೇರೆ, ಹೆಂಗಸರ ಕೋಣೆ ಬೇರೆ. ಕನ್‌ಫ್ಯೂಷಿಯಸ್‌ನ ಉಪದೇಶ ಓದಿದ ಪಂಡಿತರಿಗೆ ಆಡಂಬರ ಕೂಡದು. ಅವರ ಪುಸ್ತಕದ ಪೆಟ್ಟಿಗೆಗಳಿಗೆ ಹೊಳಪಿಲ್ಲ. ಪೌಲೋನಿಯಾ ಹಲಗೆಯ ಮೇಲೆ ಕಾದ ಕಬ್ಬಿಣ ಆಡಿಸಿ ಸುಟ್ಟು, ಹುಲ್ಲಿನ ಕುಚ್ಚಿನಿಂದ ಉಜ್ಜುತ್ತಿದ್ದರು. ಮೆದುವಾದ ಭಾಗ ಉದುರಿ ಗಟ್ಟಿ ಗೆರೆಗಳು ಎದ್ದು ನಿಲ್ಲುತ್ತಿದ್ದವು. ಅಷ್ಟೇ ಅಲಂಕಾರ. ಹೆಂಗಸರ ಕೋಣೆಯಲ್ಲಿ ಇದರ ಸೇಡು ತೀರುತ್ತಿತ್ತು ಎನ್ನಬೇಕು: ಹಿತ್ತಾಳೆಯ ಚಿಟ್ಟೆಗಳು, ಅರಗಿನ ಕಪ್ಪಿನ ಮೇಲೆ ಚಿಪ್ಪಿನ ಹೂಬಳ್ಳಿಗಳು. ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಹಿತ್ತಲಲ್ಲಿ ಪೌಲೋನಿಯಾ ನೆಡುವ ರೂಢಿಯಿತ್ತಂತೆ. ಅದು ಬೇಗ ಬೆಳೆಯುವ ಮರ. ಮಗಳು ಮದುವೆಗೆ ಬರುವ ಹೊತ್ತಿಗೆ ಮರವೂ ಕೊಯ್ಲಿಗೆ ಬರುತ್ತದೆ. ಅವಳ ಜೊತೆ ಬೆಳೆದ ಮರ ಅವಳ ಪೆಟ್ಟಿಗೆಯಾಗಿ ಅವಳ ಜೊತೆಯೇ ಗಂಡನ ಮನೆಗೆ ಹೋಗುತ್ತದೆ.

ಊರಿಗೊಂದು ಮುಖ

ಅಟ್ಲಾಸ್ ತೆರೆದು ಕೊರಿಯಾದ ಪುಟ ನೋಡಿದರೆ ಅದು ಬಹುಪಾಲು ಕಂದು ಬಣ್ಣ. ನೂರರಲ್ಲಿ ಎಪ್ಪತ್ತು ಪಾಲು ಬೆಟ್ಟಗುಡ್ಡ. ಹಿಂದೆ ರಸ್ತೆಗಳು ಕಡಿಮೆ, ಮರ ಭಾರ. ಹೀಗಾಗಿ ಪೆಟ್ಟಿಗೆ ಬೇಕಾದವನು ಹತ್ತಿರದ ಕಾಡಿನ ಮರವನ್ನೇ ತರಬೇಕು, ಹತ್ತಿರದ ಬಡಗಿಯ ಹತ್ತಿರವೇ ಹೋಗಬೇಕು, ಆ ಊರಿನ ಕಮ್ಮಾರನಿಂದಲೇ ಚಿಲಕ, ಕೀಲು ಹೊಡೆಸಬೇಕು. ಬೆಟ್ಟದ ಈಚೆಯವರ ಕೆಲಸವನ್ನು ಆಚೆಯವರು ನೋಡುವುದೇ ಅಪರೂಪ. ನೂರಾರು ವರ್ಷ ಹೀಗೆಯೇ ನಡೆದರೆ ಏನಾಗುತ್ತದೆ? ಮಾತಿನಲ್ಲಿ ಹೇಗೆ ಊರಿಗೊಂದು ಧಾಟಿ ಹುಟ್ಟುತ್ತದೋ ಪೆಟ್ಟಿಗೆಯಲ್ಲೂ ಹಾಗೆ ಊರಿಗೊಂದು ಧಾಟಿ ಹುಟ್ಟಿತು.

ಸೋಲ್‌ಗೆ ಹತ್ತಿರ, ಪಶ್ಚಿಮ ಸಮುದ್ರದಲ್ಲಿ ಗಾಂಗ್‌ಹ್ವಾ ದ್ವೀಪ. ಶತ್ರುಗಳು ಬಂದಾಗ ರಾಜರು ಓಡಿಹೋಗಿ ಆಶ್ರಯ ಪಡೆಯುತ್ತಿದ್ದ ಜಾಗ. 1232ರಲ್ಲಿ ಮಂಗೋಲರ ದಾಳಿಯ ಕಾಲಕ್ಕೆ ರಾಜಧಾನಿಯೇ ಇಲ್ಲಿಗೆ ಬಂದಿತ್ತು. ಇಲ್ಲಿನ ಬಂದಾಜಿಗಳನ್ನು ಬಲ್ಲವರು ಎಲ್ಲಕ್ಕಿಂತ ಮೇಲಿನ ದರ್ಜೆಯವೆಂದು ಎಣಿಸುತ್ತಾರೆ. ದಪ್ಪ ಹಲಗೆ, ಬಿಗಿಯಾದ ಕೆಲಸ, ಸೋರೆಬುರುಡೆಯಂತೆ ಕತ್ತು ಸಣ್ಣಗಾದ ಕೀಲುಪಟ್ಟಿಗಳು, ಅವುಗಳ ಮೇಲೆ ಕೊರೆದ ಸ್ವಸ್ತಿಕಗಳು. ಸ್ವಸ್ತಿಕ ಅಲ್ಲಿಗೆ ಹೇಗೆ ಹೋಯಿತು ಎಂದು ಆಶ್ಚರ್ಯಪಡಬೇಕಾಗಿಲ್ಲ. ಭಾರತದಿಂದ ಹೊರಟ ಬೌದ್ಧ ಧರ್ಮದ ಜೊತೆ ಚೀನಾ ಹಾದು ಕೊರಿಯಾ ಮುಟ್ಟಿ, ಕೊನೆಗೆ ಬಟ್ಟೆಯ ಪೆಟ್ಟಿಗೆಯ ಕೀಲಿನ ಮೇಲೆ ಕೂತುಕೊಂಡಿತು.

ಉತ್ತರಕ್ಕೆ ಹೋದರೆ ಪಿಯೊಂಗಾನ್ ಪ್ರಾಂತದ ಪಾಕ್‌ಚೊನ್. ಅಲ್ಲಿನ ಬಡಗಿಗೆ ಸಿಗುತ್ತಿದ್ದದ್ದು ಲಿಂಡನ್ ಜಾತಿಯ ಮರ. ಮೆದು, ಗೆರೆಗಳ ಅಂದವೂ ಇಲ್ಲ. ಜೆಲ್ಕೋವಾ ಇಲ್ಲದ ಕೊರತೆಯನ್ನು ಪಾಕ್‌ಚೊನ್ ಕಮ್ಮಾರ ತುಂಬಿಕೊಟ್ಟ. ಪೆಟ್ಟಿಗೆಯ ಮುಖವನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚುವಂತೆ ಕಪ್ಪು ಕಬ್ಬಿಣದ ತೆಳು ತಗಡುಗಳನ್ನು ಹೊಡೆದ. ಆ ತಗಡುಗಳ ತುಂಬ ಉಳಿಯಿಂದ ಕಿಂಡಿ ಕೊರೆದ. ಹೂ, ಎಲೆ, ಅಕ್ಷರ, ಬಳ್ಳಿ, ಒಟ್ಟಿನಲ್ಲಿ ನೂರಾರು ಕಿಂಡಿಗಳ ಜಾಲಂದ್ರ. ಹಿಂದಿನ ಮರ ಕಿಂಡಿಗಳಲ್ಲಿ ಇಣುಕುತ್ತದೆ. ಈ ಪೆಟ್ಟಿಗೆಗೆ ಜನ ಇಟ್ಟ ಹೆಸರು ‘ಸುಂಗ್‌ಸುಂಗಿ’. ಮೈತುಂಬ ತೂತು ಎಂಬುದನ್ನು ಸೂಚಿಸುವ ಜೋಡುನುಡಿಯಿಂದ ಬಂದದ್ದು. ಕನ್ನಡದಲ್ಲಿ ‘ತೂತುತೂತಿ’ ಎಂದು ಕರೆದ ಹಾಗೆ. ಒಳ್ಳೆಯ ಮರ ಸಿಗದ ಊರಿನಿಂದ ಕೊರಿಯಾದ ಅತ್ಯಂತ ಚೆಲುವಾದ ಕಬ್ಬಿಣದ ಕೆಲಸ ಬಂತು ಎಂಬುದು ಸೋಜಿಗವೇ ಸರಿ.

ದಕ್ಷಿಣದ ತುದಿಯಲ್ಲಿ ಟೊಂಗ್‌ಯಾಂಗ್. ಇದು ಹುಟ್ಟಿದ್ದೇ ನೌಕಾಪಡೆಯ ಠಾಣೆಯಾಗಿ. ಜಪಾನೀಯರು 1592ರಲ್ಲಿ ದಂಡೆತ್ತಿ ಬಂದು ಹೋದ ಮೇಲೆ, 17ನೇ ಶತಮಾನದ ಆರಂಭದಲ್ಲಿ ದಕ್ಷಿಣದ ಮೂರು ಪ್ರಾಂತಗಳ ನೌಕಾಪಡೆಗೆ ಇಲ್ಲಿ ಕೇಂದ್ರ ಕಟ್ಟಿದರು. ಸೈನ್ಯಕ್ಕೆ ಬೇಕಾದ ಸಾಮಾನು ಮಾಡಲು ಹನ್ನೆರಡು ಕಾರ್ಖಾನೆಗಳು ಬಂದವು. ಬೀಸಣಿಗೆ, ಟೋಪಿ, ಅರಗು, ಲೋಹ, ಮರ, ಹೀಗೆ ಕಸುಬಿಗೊಂದು. ಯುದ್ಧ ದೂರವಾದ ಹಾಗೆ ಕಸುಬುದಾರರ ಕೈ ನವುರಾಯಿತು. ಪಕ್ಕದಲ್ಲೇ ಸಮುದ್ರ, ಸಮುದ್ರದಲ್ಲಿ ಒಳಮೈ ಕಾಮನಬಿಲ್ಲಿನಂತೆ ಹೊಳೆಯುವ ಅಬಲೋನಿ ಚಿಪ್ಪು. ಆ ಚಿಪ್ಪನ್ನು ಕಾಗದದಷ್ಟು ತೆಳುವಾಗಿ ಉಜ್ಜಿ, ಕೂದಲೆಳೆಯಷ್ಟು ಸಣ್ಣಗೆ ಸೀಳಿ, ಅರಗಿನ ಮೇಲೆ ಕೂರಿಸುವ ಕಲೆಗೆ ಟೊಂಗ್‌ಯಾಂಗ್ ಇಂದಿಗೂ ಹೆಸರುವಾಸಿ. ನೌಕಾಪಡೆಯ ಆ ಠಾಣೆ 1895ರಲ್ಲಿ ಮುಚ್ಚಿತು, ಕಸುಬು ಮುಚ್ಚಲಿಲ್ಲ.

ಇನ್ನೂ ದಕ್ಷಿಣಕ್ಕೆ ಸಮುದ್ರದ ನಡುವಿನ ಜೆಜು ದ್ವೀಪದವರು ಬಂದಾಜಿ ಎಂಬ ಹೆಸರನ್ನೂ ಬಳಸದೆ ಬರೀ ‘ಗ್ವೆ’ ಎನ್ನುತ್ತಾರೆ, ಪೆಟ್ಟಿಗೆ ಎಂದಷ್ಟೇ ಅರ್ಥ. ಜಿನ್‌ಸೆಂಗ್ ಬೇರಿನ ವ್ಯಾಪಾರಕ್ಕೆ ಹೆಸರಾದ ಕೇಸಾಂಗ್ ಪಟ್ಟಣದ್ದೂ ಒಂದು ಬಗೆ, ಪಿಯೊಂಗ್‌ಯಾಂಗ್‌ನದು ಇನ್ನೊಂದು, ಮಿರ್‌ಯಾಂಗ್‌ನದು ಮತ್ತೊಂದು. ಪಟ್ಟಿ ಬೆಳೆಯುತ್ತದೆ.

ಎಲ್ಲ ಊರುಗಳಿಗೂ ಸಾಮಾನ್ಯವಾದ ಒಂದೆರಡು ಸಂಗತಿ ಮಾತ್ರ ಹೇಳಲೇಬೇಕು. ಒಂದು, ಮೀನಿನ ಆಕಾರದ ಬೀಗ. ಮೀನು ಕಣ್ಣು ಮುಚ್ಚುವುದಿಲ್ಲ, ಹಗಲೂ ರಾತ್ರಿ ಎಚ್ಚರ. ಇದಕ್ಕಿಂತ ಒಳ್ಳೆಯ ಕಾವಲುಗಾರ ಯಾರು? ಇನ್ನೊಂದು, ಬಾವಲಿಯ ಆಕಾರದ ತಗಡು. ಬಾವಲಿಯನ್ನು ಕಂಡರೆ ಮೂಗು ಮುರಿಯುವವರಿಗೆ ಇದು ವಿಚಿತ್ರ ಎನಿಸಬಹುದು. ಆದರೆ ಚೀನೀ ಲಿಪಿಯಲ್ಲಿ ಬಾವಲಿಗೆ ಬರೆಯುವ ಅಕ್ಷರಕ್ಕೂ ಭಾಗ್ಯಕ್ಕೆ ಬರೆಯುವ ಅಕ್ಷರಕ್ಕೂ ಕೊರಿಯನ್ನರ ಬಾಯಲ್ಲಿ ಒಂದೇ ಉಚ್ಚಾರ, ‘ಬೊಕ್’. ಬಾವಲಿ ಇದ್ದಲ್ಲಿ ಭಾಗ್ಯ ಇದೆ!

ಎರಡು ಅಕ್ಕಿ ಪೆಟ್ಟಿಗೆಗಳು

ಬಟ್ಟೆಯ ಪೆಟ್ಟಿಗೆ ಮಲಗುವ ಕೋಣೆಯಲ್ಲಿ. ಅಕ್ಕಿಯ ಪೆಟ್ಟಿಗೆ ಒಲೆಯ ಬಿಸಿ ತಾಗದ ಹಲಗೆ ನೆಲದ ಜಗುಲಿಯಲ್ಲಿ. ಇದರ ಹೆಸರು ‘ದ್ವಿಜು’. ನಾಲ್ಕು ಮೂಲೆಗೆ ನಾಲ್ಕು ದಪ್ಪ ಕಂಬ, ಇಲಿ ಮತ್ತು ತೇವ ಬಾರದಂತೆ ಎತ್ತರದ ಕಾಲು, ಮೇಲೆ ಮುಚ್ಚಳ, ಅದಕ್ಕೊಂದು ಬೀಗ. ಬೀಗದ ಕೈ ಇರುವುದು ಮನೆಯ ಹಿರಿಯ ಹೆಂಗಸಿನ ಸೊಂಟದಲ್ಲಿ. ಅತ್ತೆ ಆ ಕೀಲಿಕೈ ಗೊಂಚಲನ್ನು ಸೊಸೆಗೆ ಕೊಟ್ಟ ದಿನ ಮನೆಯ ಯಜಮಾನಿಕೆ ಕೈ ಬದಲಾದಂತೆ.

ಕೊರಿಯಾದ ಶಾಲೆಯ ಮಕ್ಕಳಿಗೆಲ್ಲ ಗೊತ್ತಿರುವ ಅಕ್ಕಿ ಪೆಟ್ಟಿಗೆಯೊಂದಿದೆ. ಅದು ಭಯಂಕರ ಕತೆ. 1762ರ ಬೇಸಿಗೆಯಲ್ಲಿ ದೊರೆ ಯಂಗ್‌ಜೋ ತನ್ನ ಮಗ, ಯುವರಾಜ ಸಾದೋನನ್ನು ಅಕ್ಕಿ ಪೆಟ್ಟಿಗೆಯೊಳಗೆ ಹೋಗುವಂತೆ ಆಜ್ಞಾಪಿಸಿದ. ಮಗನಿಗೆ 27 ವರ್ಷ. ಚಿಕ್ಕಂದಿನಿಂದ ತಂದೆಯ ಕಟುಮಾತು, ತೃಪ್ತಿಯೇ ಕಾಣದ ಪರೀಕ್ಷೆಗಳ ನಡುವೆ ಬೆಳೆದು, ಮನಸ್ಸಿನ ಸ್ತಿಮಿತ ತಪ್ಪಿ, ಅರಮನೆಯ ಆಳುಗಳನ್ನು ಕೊಲ್ಲುವ ಮಟ್ಟಕ್ಕೆ ಹೋಗಿದ್ದ. ವಿಚಾರಣೆ ನಡೆಸಿ ಮರಣದಂಡನೆ ಕೊಟ್ಟರೆ ಅವನ ಮಗನೂ ಅಪರಾಧಿಯ ಮಗನಾಗಿ ಪಟ್ಟದ ಹಕ್ಕು ಕಳೆದುಕೊಳ್ಳುತ್ತಿದ್ದ. ರಾಜವಂಶಕ್ಕೆ ಇದ್ದದ್ದು ಅವನೊಬ್ಬನೇ ಆಸರೆ. ಅದಕ್ಕೇ ಈ ದಾರಿ. ಎಂಟು ದಿನಗಳ ಮೇಲೆ ಪೆಟ್ಟಿಗೆ ತೆರೆದಾಗ ಯುವರಾಜನ ಪ್ರಾಣ ಹೋಗಿತ್ತು. ಆತನ ಹೆಂಡತಿ ಹ್ಯೆಗ್ಯಾಂಗ್ ವೃದ್ಧಾಪ್ಯದಲ್ಲಿ ಇದನ್ನೆಲ್ಲ ಬರೆದಿಟ್ಟಳು. ಕೊರಿಯನ್ ಗದ್ಯದ ಹಿರಿಯ ಕೃತಿಗಳಲ್ಲಿ ಅವಳ ಆತ್ಮಕಥನವೂ ಒಂದು. ಮಗುವಿನ ಮೇಲೆ ತಂದೆಯ ನಿರೀಕ್ಷೆ ಎಷ್ಟು ಭಾರವಾಗಬಹುದು ಎಂಬುದನ್ನು ಅಷ್ಟು ಹತ್ತಿರದಿಂದ ಕಂಡು ಬರೆದವರು ಕಡಿಮೆ.

ಅಪ್ಪನನ್ನು ಪೆಟ್ಟಿಗೆಗೆ ಹಾಕಿದಾಗ ಹತ್ತು ವರ್ಷ ತುಂಬದಿದ್ದ ಮಗ 1776ರಲ್ಲಿ ಜಂಗ್‌ಜೋ ಎಂಬ ಹೆಸರಿನಿಂದ ಪಟ್ಟಕ್ಕೆ ಬಂದ. ತಾನು ಸಾದೋನ ಮಗ ಎಂದು ಮೊದಲ ದಿನವೇ ಬಹಿರಂಗವಾಗಿ ಹೇಳಿದ. ಅಪ್ಪನ ಸಮಾಧಿಯನ್ನು ಸುವಾನ್ ಬಳಿಗೆ ತಂದು, 1794ರಿಂದ 1796ರವರೆಗೆ ಅಲ್ಲಿ ಕೋಟೆಯನ್ನೇ ಕಟ್ಟಿಸಿದ. ಆ ಕೋಟೆ 1997ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಅದೇ 1776ರಲ್ಲಿ ದಕ್ಷಿಣದ ಗುರ್ಯೆ ಎಂಬಲ್ಲಿ, ಜಿರಿಸಾನ್ ಪರ್ವತದ ಬುಡದಲ್ಲಿ, ಸೇನಾ ಹುದ್ದೆಯಲ್ಲಿದ್ದ ಯೂ ಇಜು ಎಂಬಾತ ದೊಡ್ಡ ಮನೆ ಕಟ್ಟಿಸಿದ. ಮನೆಯ ಹೆಸರು ಉನ್‌ಜೋರು. ಈ ಮನೆಯ ಅಕ್ಕಿ ಪೆಟ್ಟಿಗೆ ಹಲಗೆ ಕೂಡಿಸಿ ಮಾಡಿದ್ದಲ್ಲ; ದಪ್ಪ ಮರದ ಬೊಡ್ಡೆಯೊಂದನ್ನು ಒಳಗಿನಿಂದ ಕೊರೆದು ಪೊಳ್ಳು ಮಾಡಿದ್ದು. ಕೆಳಗೊಂದು ಕಿಂಡಿ, ಕಿಂಡಿಗೊಂದು ಬಿರಡೆ, ಬಿರಡೆಯ ಮೇಲೆ ನಾಲ್ಕು ಅಕ್ಷರ. ‘ಬೇರೆಯವರೂ ತೆರೆಯಬಹುದು’ ಎಂದು ಅದರ ಅರ್ಥ. ಹಸಿದವರು ಯಾರಾದರೂ ಬಂದು ಬಿರಡೆ ತಿರುಗಿಸಿ ತಮಗೆ ಬೇಕಾದಷ್ಟು ಅಕ್ಕಿ ತೆಗೆದುಕೊಂಡು ಹೋಗಬಹುದಿತ್ತು. ಮನೆಯವರ ಕಣ್ಣಿಗೆ ಬಿದ್ದು ನಾಚಿಕೆಪಡುವಂತಾಗಬಾರದೆಂದು ಪೆಟ್ಟಿಗೆಯನ್ನು ಅವರಿಂದ ದೂರ ಇಟ್ಟಿದ್ದರು. ಮುಂದೆ ದಂಗೆಗಳು ಎದ್ದು, ಯುದ್ಧ ಬಂದು, ಸಿರಿವಂತರ ಮನೆಗಳು ಸುಟ್ಟುಹೋದಾಗಲೂ ಉನ್‌ಜೋರುವಿಗೆ ಯಾರೂ ಬೆಂಕಿ ಇಡಲಿಲ್ಲ. ಅದಕ್ಕೆ ಈ ಬಿರಡೆಯೇ ಕಾರಣ ಎಂದು ಆ ಸೀಮೆಯವರು ಹೇಳುತ್ತಾರೆ. ಮನೆ ಇನ್ನೂ ನಿಂತಿದೆ, ಪೆಟ್ಟಿಗೆಯೂ ಇದೆ.

ಮರ ಬಲ್ಲ ಜಪಾನೀಯ

1910ರಲ್ಲಿ ಕೊರಿಯಾ ಜಪಾನಿನ ವಶವಾಯಿತು. ಆಳುವವರಿಗೆ ಕೊರಿಯಾದ ಚಿನ್ನದ ಕಿರೀಟ, ಹಸಿರು ಪಿಂಗಾಣಿಗಳ ಮೇಲೆ ಕಣ್ಣಿತ್ತೇ ಹೊರತು ಬಡವರ ಮನೆಯ ಪೆಟ್ಟಿಗೆ, ಊಟದ ಮಣೆಗಳ ಮೇಲಲ್ಲ. ಅವುಗಳನ್ನು ಗೌರವದಿಂದ ನೋಡಿದವರಲ್ಲಿ ಮೊದಲಿಗನೆಂದು ಹೇಳಬೇಕಾದ ಅಸಕಾವಾ ತಕುಮಿಯೂ ಜಪಾನೀಯನೇ ಎಂಬುದು ಚರಿತ್ರೆಯ ಚೋದ್ಯ.

ತಕುಮಿ 1914ರಲ್ಲಿ ಕೊರಿಯಾಕ್ಕೆ ಬಂದದ್ದು ಅರಣ್ಯ ಇಲಾಖೆಯ ಕೆಲಸಕ್ಕೆ. ಬೋಳು ಬೆಟ್ಟಗಳಲ್ಲಿ ಕೊರಿಯಾದ ಪೈನ್ ಬೆಳೆಸಲು ಬೀಜ ಮೊಳೆಯಿಸುವ ಸುಲಭ ವಿಧಾನವೊಂದನ್ನು ಕಂಡುಹಿಡಿದ. ಕೊರಿಯನ್ ಭಾಷೆ ಕಲಿತ, ಕೊರಿಯನ್ ಉಡುಪು ತೊಟ್ಟ. ಮರ ಬಲ್ಲವನಾದ್ದರಿಂದ ಮರದ ಸಾಮಾನು ಅವನ ಕಣ್ಣಿಗೆ ಬೇರೆಯೇ ಆಗಿ ಕಂಡಿತು. ಗೆಳೆಯ ಯಾನಾಗಿ ಮುನೆಯೋಶಿಯ ಜೊತೆ ಸೇರಿ 1924ರಲ್ಲಿ ಸೋಲ್‌ನ ಗ್ಯಾಂಗ್‌ಬೊಕ್ ಅರಮನೆಯೊಳಗೆ ಕೊರಿಯಾದ ಜನಪದ ಕಲೆಯ ಸಂಗ್ರಹಾಲಯ ತೆರೆದ. ಕೊರಿಯನ್ನರು ಊಟಕ್ಕೆ ಬಳಸುವ ಗಿಡ್ಡ ಮೇಜುಗಳ ಬಗ್ಗೆಯೇ 1929ರಲ್ಲಿ ಒಂದು ಪುಸ್ತಕ ಬರೆದ. ನಾಜುವಿನ ಮೇಜು, ಟೊಂಗ್‌ಯಾಂಗ್‌ನ ಮೇಜು, ಹೇಜುವಿನ ಮೇಜು ಎಂದು ಊರುಗಳ ಹೆಸರಿನಲ್ಲೇ ಅವನ್ನು ಗುರುತಿಸಿದ. ಯಾರೂ ಬರೆದಿಡದಿದ್ದ ಬಡಗಿಗಳ ಕೆಲಸಕ್ಕೆ ಹೀಗೆ ಒಂದು ದಾಖಲೆ ಬಂತು.

1931ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ತಕುಮಿ ನ್ಯುಮೋನಿಯಾದಿಂದ ತೀರಿಕೊಂಡ. ಅವನ ಹೆಣ ಹೊರಲು ಹಳ್ಳಿಯ ಕೊರಿಯನ್ನರು ನಾನು ತಾನು ಎಂದು ಮುಂದೆ ಬಂದರಂತೆ. ಅವನ ಸಮಾಧಿ ಇಂದಿಗೂ ಸೋಲ್‌ನ ಮಾಂಗುರಿಯಲ್ಲಿದೆ. 1945ರ ಬಳಿಕ ಜಪಾನೀಯರು ಕೊರಿಯಾ ಬಿಟ್ಟು ಹೋದಾಗ ಅವನ ಸಂಗ್ರಹ ಕೊರಿಯಾದಲ್ಲೇ ಉಳಿಯಿತು.

ಗೆರೆಯ ಆಚೆಯ ಊರು

1945ರಲ್ಲಿ ಸ್ವಾತಂತ್ರ್ಯವೂ ಬಂತು, ದೇಶವೂ ಎರಡಾಯಿತು. 38ನೇ ಅಕ್ಷಾಂಶ ರೇಖೆಯ ಉತ್ತರಕ್ಕೊಂದು ಸರ್ಕಾರ, ದಕ್ಷಿಣಕ್ಕೊಂದು. 1950ರಿಂದ 1953ರವರೆಗೆ ಯುದ್ಧ. ಪಾಕ್‌ಚೊನ್ ಪಟ್ಟಣದ ಬಳಿಯೇ 1950ರ ನವೆಂಬರಿನಲ್ಲಿ ಒಂದು ಕಾಳಗ ನಡೆಯಿತು. ಹಳೆಯ ರೇಖೆಯ ಪ್ರಕಾರ ದಕ್ಷಿಣಕ್ಕಿದ್ದ ಕೇಸಾಂಗ್ ಯುದ್ಧ ಮುಗಿದಾಗ ಉತ್ತರದ ಪಾಲಾಗಿತ್ತು. ಆ ಕೇಸಾಂಗ್‌ಗೆ ಹತ್ತಿರದ ಪಾನ್‌ಮುಂಜಾಮ್‌ನಲ್ಲಿ, ಮನೆಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಭವಿಷ್ಯ ನಿರ್ಧರಿಸಲು ತಟಸ್ಥ ರಾಷ್ಟ್ರಗಳ ಆಯೋಗ ಕೂತಾಗ ಅದರ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಯಾವ ಕಡೆಗೆ ಹೋಗುತ್ತೀಯ ಎಂಬ ಪ್ರಶ್ನೆಗೆ ಆ ಹುಡುಗರು ಉತ್ತರ ಹೇಳಬೇಕಾಗಿತ್ತು. ಒಂದು ಕಡೆ ಊರು, ಇನ್ನೊಂದು ಕಡೆ ಜೀವನ.

ದಕ್ಷಿಣದಲ್ಲಿ ಉಳಿದ ಪೆಟ್ಟಿಗೆಗಳಿಗೂ ನೆಮ್ಮದಿಯಿರಲಿಲ್ಲ. 1970ರ ದಶಕದಲ್ಲಿ ಹುಲ್ಲಿನ ಮನೆಗಳು ಹೋಗಿ ಹೆಂಚಿನ ಮನೆ ಬಂದವು, ಪಟ್ಟಣಗಳಲ್ಲಿ ಬಹುಮಹಡಿ ವಸತಿಗಳು ಎದ್ದವು. ಒಂದೋಲ್ ಅಲ್ಲಿಗೂ ಬಂತು, ಹೊಗೆಯ ಬದಲು ಬಿಸಿನೀರಿನ ಕೊಳವೆಯಾಗಿ. ಬಂದಾಜಿಗೆ ಮಾತ್ರ ಜಾಗ ಸಿಗಲಿಲ್ಲ. ಗೋಡೆಯೊಳಗಿನ ಕಪಾಟು, ಪ್ಲಾಸ್ಟಿಕ್ ಡಬ್ಬಿ ಇದ್ದಾಗ ಅಜ್ಜಿಯ ಭಾರದ ಪೆಟ್ಟಿಗೆ ಯಾರಿಗೆ ಬೇಕು? ಹಳ್ಳಿ ಸುತ್ತುವ ವ್ಯಾಪಾರಿಗಳು ಕೊಂಡು ತಂದು ಸೋಲ್‌ನ ಇನ್‌ಸಾದೋಂಗ್, ಇಟೇವಾನ್ ಬೀದಿಗಳಲ್ಲಿ ವಿದೇಶೀಯರಿಗೆ ಮಾರಿದರು. ಅಮೆರಿಕದ ಸೈನಿಕರ ಮನೆಗಳಿಗೆ ಎಷ್ಟೋ ಬಂದಾಜಿಗಳು ಹಡಗು ಹತ್ತಿ ಹೋದವು.

ಕಸುಬು ಪೂರ್ತಿ ಕೈಬಿಟ್ಟು ಹೋಗದಿರಲು 1962ರಲ್ಲಿ ಬಂದ ಸಾಂಸ್ಕೃತಿಕ ಆಸ್ತಿ ರಕ್ಷಣಾ ಕಾಯಿದೆ ನೆರವಾಯಿತು. ಅದರಡಿ ಕಟ್ಟಡ, ವಿಗ್ರಹಗಳ ಹಾಗೆ ಕೈಕಸುಬನ್ನೂ ದೇಶದ ಆಸ್ತಿಯೆಂದು ಗುರುತಿಸಬಹುದಾಗಿತ್ತು. ಪೆಟ್ಟಿಗೆ ಮಾಡುವ ಬಡಗಿಯ ಕಸುಬನ್ನು 1975ರಲ್ಲಿ, ಕೀಲು ಬೀಗ ಮಾಡುವ ಲೋಹದ ಕಸುಬನ್ನು 1980ರಲ್ಲಿ ಈ ಪಟ್ಟಿಗೆ ಸೇರಿಸಿದರು. ಕಸುಬಿನ ಗುರುಗಳಿಗೆ ಸರ್ಕಾರ ಗೌರವಧನ ಕೊಡುತ್ತದೆ. ಅವರು ಶಿಷ್ಯರಿಗೆ ಕಲಿಸಬೇಕು. ಮರ ಒಣಗಲು ವರ್ಷಗಟ್ಟಲೆ ಕಾಯಬೇಕಾದ, ಒಂದು ಪೆಟ್ಟಿಗೆಗೆ ತಿಂಗಳುಗಟ್ಟಲೆ ಹಿಡಿಯುವ ಕೆಲಸಕ್ಕೆ ಈ ಕಾಲದ ಹುಡುಗರು ಬರುವುದು ಕಷ್ಟ. ಆದರೂ ಕೆಲವರು ಬರುತ್ತಿದ್ದಾರೆ. ತಮಾಷೆಯೆಂದರೆ, ಹಿಂದಿನ ಬಡಗಿಗೆ ಸಿಗದ ಸಹಿಯ ಭಾಗ್ಯ ಇವರಿಗೆ ಸಿಕ್ಕಿದೆ. ಅವರ ಹೆಸರು ಸರ್ಕಾರದ ಪಟ್ಟಿಯಲ್ಲೇ ಇರುತ್ತದೆ.

ಇನ್ನು ಆ ಕಿಂಡಿ ಕಿಂಡಿಯ ಕಬ್ಬಿಣದ ಪೆಟ್ಟಿಗೆ. ಅದು ಸೋಲ್‌ನ ಗಾಜಿನ ಕಪಾಟಿನಲ್ಲಿದೆ. ಅದರ ಊರು ಉತ್ತರ ಕೊರಿಯಾದಲ್ಲಿದೆ. 1953ರಿಂದ ದಾರಿ ಮುಚ್ಚಿದೆ. ಸೋಲ್‌ನಲ್ಲಿ ಒಂದು ಸರ್ಕಾರಿ ಕಚೇರಿಯಿದೆ, 1949ರಿಂದಲೂ. ಉತ್ತರದ ಐದು ಪ್ರಾಂತಗಳ ಆಡಳಿತಕ್ಕೆಂದು ಹುಟ್ಟಿದ್ದು. ಅಲ್ಲಿ ಪಿಯೊಂಗಾನ್‌ಗೂ ರಾಜ್ಯಪಾಲರಿದ್ದಾರೆ. ಜಿಲ್ಲೆ ಜಿಲ್ಲೆಗೂ ಗೌರವ ಜಿಲ್ಲಾಧಿಕಾರಿಗಳನ್ನು ನೇಮಿಸುತ್ತಾರೆ, ಪಾಕ್‌ಚೊನ್‌ಗೂ ಸೇರಿ. ಅವರು ತಮ್ಮ ಜಿಲ್ಲೆಯಲ್ಲಿ ಕಾಲಿಡುವಂತಿಲ್ಲ. ತೆರಿಗೆ ಇಲ್ಲ, ಪೊಲೀಸರಿಲ್ಲ, ಊರಿಲ್ಲ. ಓಡಿಬಂದ ಕುಟುಂಬಗಳ ಮಕ್ಕಳು ಮೊಮ್ಮಕ್ಕಳನ್ನು ಸೇರಿಸಿ ಆಗಾಗ ಸಭೆ ನಡೆಸುವುದು, ಊರಿನ ನೆನಪು ಬರೆಸಿಡುವುದು ಇವರ ಕೆಲಸ. ಊರು ನೋಡಿದವರು ಈಗ ಎಂಬತ್ತು ದಾಟಿದವರು, ಅವರಲ್ಲೂ ಬೆರಳೆಣಿಕೆಯ ಮಂದಿ.